ಆರನೆಯ ಸೂತಕ

(ಸಿಂಗಾಪುರದಲ್ಲಿ ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯ ಸಮಾರೋಪದ ದಿನ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಶ್ರಾವಣದ ಈ ಒಂದು ತಿಂಗಳು ಸಿಂಗಾಪುರದಲ್ಲಿ ಶಿವಾನುಭವದ ಮಾತು ನಡೆಯಿತು. ಹಗಲೆಲ್ಲ ದುಡಿದು ದಣಿದವರೂ ಸಂಜೆಯ ಹೊತ್ತಿಗೆ ವಿಭೂತಿ ಧರಿಸಿ ತಪ್ಪದೆ ಬಂದು ಕುಳಿತಿರಿ. ಇದು ಶ್ರೀಮಠಕ್ಕೆ ಸಂತೋಷದ ಸಂಗತಿ. ನಾವು ಮೊದಲ ಸಲ ಇಲ್ಲಿಗೆ ಬಂದಾಗ ಇದು ಯಲಹಂಕದ ಕಡೆಯ ಒಂದು ಹಳ್ಳಿಯಂತೆಯೇ ಇತ್ತು. ಕೆರೆಯ ಏರಿಯ ಮೇಲೆ ನಿಂತರೆ ಹೊಲಗದ್ದೆ ಕಾಣುತ್ತಿತ್ತು. ಈಗ ವಿದ್ಯಾರಣ್ಯಪುರ, ಅಬ್ಬಿಗೆರೆ, ಎಂ.ಎಸ್. ಪಾಳ್ಯಗಳ ನಡುವೆ ಯಾವ ಊರು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಮೊದಲಾಯಿತು ಎಂಬುದೇ ತಿಳಿಯುವುದಿಲ್ಲ. ಊರಿನ ಹಳಬರು ಹೊಲವಿದ್ದ ಕಡೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ರಾಯಚೂರು, ಯಾದಗಿರಿ, ಬಾಗಲಕೋಟೆ, ತುಮಕೂರು, ಹೀಗೆ ಎಲ್ಲೆಲ್ಲಿಂದಲೋ ಬಂದವರು ಆ ಮನೆಗಳಲ್ಲಿದ್ದಾರೆ. ಒಂದೇ ಗೋಡೆಯ ಈಚೆ ಆಚೆ ಬದುಕುವವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಇಂದು ಷಟ್‌ಸ್ಥಲವನ್ನು ಕುರಿತು ಹೇಳುವುದೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಅದನ್ನು ಇನ್ನೊಂದು ದಿನಕ್ಕೆ ಇರಿಸೋಣ. ಬಹಳ ದಿನಗಳಿಂದ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವಿದೆ. ಮಠದ ಪೀಠದಲ್ಲಿ ಕುಳಿತು ಆಡುವ ಮಾತೇ ಇದು ಎಂದು ಕೆಲವರಿಗೆ ಅನ್ನಿಸಬಹುದು. ಪೂರ್ತಿ ಕೇಳಿ, ಆಮೇಲೆ ನೀವೇ ವಿಚಾರ ಮಾಡಿ.

ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯ ದಾಸೋಹದಲ್ಲಿ ನಡೆದ ಸಂಗತಿ. ಪಂಕ್ತಿ ಕುಳಿತಿತ್ತು. ನಾವು ಸಾಲುಗಳ ನಡುವೆ ನಡೆದು ಬರುತ್ತಿದ್ದೆವು. ಎಲ್ಲರಿಂದ ಒಂದು ಮಾರು ದೂರದಲ್ಲಿ, ಕಂಬದ ಮರೆಯಲ್ಲಿ ಒಬ್ಬ ತಾಯಿ ಕುಳಿತಿದ್ದಳು. ಎಲ್ಲರ ಮುಂದೆ ಮಠದ ತಟ್ಟೆ, ಮಠದ ಲೋಟ. ಆಕೆಯ ಮುಂದೆ ಮಾತ್ರ ಮನೆಯಿಂದ ತಂದ ತಟ್ಟೆ, ಮನೆಯಿಂದ ತಂದ ಲೋಟ. 'ಯಾಕವ್ವ, ಮಠದ ತಟ್ಟೆ ಸಿಗಲಿಲ್ಲವೇ?' ಎಂದೆವು. ಆಕೆ ಗಾಬರಿಯಿಂದ ಎದ್ದು ನಿಂತು, 'ಇರಲಿ ಬಿಡ್ರಿ ಅಪ್ಪಾರ, ನನಗ ಇದ ರೂಢಿ ಆಗೈತಿ' ಎಂದಳು.

ಸಂಜೆ ಜನ ಕರಗಿದ ಮೇಲೆ ಆಕೆಯೇ ಬಂದು ಕುಳಿತಳು. ಗಂಡ ಲಾರಿ ಓಡಿಸುತ್ತಿದ್ದ. ಆತ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಇಬ್ಬರ ರಕ್ತವನ್ನೂ ಪರೀಕ್ಷಿಸಿದರು. ಇಬ್ಬರಿಗೂ ಎಚ್‌ಐವಿ ಇತ್ತು. ಆತ ಉಳಿಯಲಿಲ್ಲ. ಈಕೆ ಸರ್ಕಾರಿ ಆಸ್ಪತ್ರೆಯ ಮಾತ್ರೆ ತಿಂದು ಉಳಿದಳು. ಗಂಡನ ತಿಥಿಯ ದಿನವೇ ಮನೆಯವರು ಈಕೆಯ ತಟ್ಟೆ ಲೋಟಗಳನ್ನು ಬೇರೆ ಇಟ್ಟರು. 'ಒಂದ ದಿನಾನೂ ಗುಳಿಗಿ ತಪ್ಪಿಸಿಲ್ರಿ. ರಕ್ತದಾಗ ವೈರಸ್ ಕಾಣಂಗಿಲ್ಲ ಅಂತ ಡಾಕ್ಟರು ಹೇಳ್ಯಾರ. ಆದ್ರ ರಾತ್ರಿ ನಿದ್ದಿ ಬರಂಗಿಲ್ಲ. ನಸುಕಿನ್ಯಾಗ ಎಚ್ಚರಾದ್ರ ಯಾಕರ ಎಚ್ಚರಾತು ಅನ್ನಸ್ತೈತಿ. ಮೈಯಾಗಿನ ರೋಗಕ್ಕ ಗುಳಿಗಿ ಐತಿ. ತಟ್ಟಿ ಬ್ಯಾರೆ ಇಟ್ಟಿದ್ದಕ್ಕ ಯಾವ ಗುಳಿಗಿ ಐತ್ರಿ ಅಪ್ಪಾರ?' ಎಂದು ಕೇಳಿದಳು.

ನಾವು ಕಾಶಿಯ ಕಡೆಯ ಪಂಡಿತರ ಬಳಿ ತರ್ಕ ವ್ಯಾಕರಣಗಳನ್ನು ಓದಿದವರು. ಆ ತಾಯಿಯ ಪ್ರಶ್ನೆಗೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ.

ಇದನ್ನು ಆಕೆಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇವೆ. ಆಕೆ ಈ ಊರಿನವಳಲ್ಲ. ಆದರೆ ಒಂದು ಮಾತು ಕೇಳುತ್ತೇವೆ, ಮುಚ್ಚುಮರೆಯಿಲ್ಲದೆ ನಿಮ್ಮ ನಿಮ್ಮ ಮನಸ್ಸಿಗೇ ಹೇಳಿಕೊಳ್ಳಿ. ನಾವು ಈ ಪ್ರಸಂಗ ಹೇಳುತ್ತಿದ್ದಂತೆ, 'ಯಾರಿರಬಹುದು, ನಮ್ಮ ಬೀದಿಯವಳೇ ಇರಬಹುದೇ' ಎಂದು ಎಷ್ಟು ಜನ ಒಳಗೊಳಗೇ ಹುಡುಕಿದಿರಿ? ಆ ಹುಡುಕಾಟ ಇದೆಯಲ್ಲ, ಅದನ್ನು ಕುರಿತೇ ಇಂದಿನ ಮಾತು.

ನಮ್ಮ ಧರ್ಮದಲ್ಲಿ ಪಂಚಸೂತಕಗಳಿಲ್ಲ. ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಐದು ಸೂತಕಗಳನ್ನೂ ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಅಲ್ಲಗಳೆದರು. ಇಷ್ಟಲಿಂಗ ಮೈಮೇಲಿರುವವರಿಗೆ ಮೈಲಿಗೆ ಎಲ್ಲಿಂದ ಬರಬೇಕು ಎಂಬುದು ಅವರ ನಿಲುವು. ಪ್ರಸಾದಕ್ಕೆ ಎಂಜಲಿಲ್ಲ ಎಂದು ನಂಬಿದವರು ನಾವು. ಹೆತ್ತ ಮನೆಗೂ ಸತ್ತ ಮನೆಗೂ ಸೂತಕವಿಲ್ಲವೆಂದು ಹೇಳುವ ಧೈರ್ಯ ಎಂಟು ನೂರು ವರ್ಷಗಳ ಹಿಂದಿನವರಿಗೆ ಇತ್ತು. ಅವರ ಹೆಸರು ಹೇಳಿಕೊಂಡು ಬದುಕುವ ನಾವು ಏನು ಮಾಡಿದೆವು? ಅವರು ತೆಗೆದುಹಾಕಿದ ಐದರ ಜಾಗದಲ್ಲಿ ಆರನೆಯದೊಂದನ್ನು ತಂದು ಇಟ್ಟೆವು. ಅದಕ್ಕೆ ರೋಗಸೂತಕ ಎಂದು ಹೆಸರಿಡಬಹುದು. ಮರಣದ ಸೂತಕವನ್ನು ಒಪ್ಪುವವರ ಮನೆಯಲ್ಲಿಯೂ ಅದು ಕೆಲವು ದಿನಕ್ಕೆ ಕಳೆಯುತ್ತದೆ. ಆ ತಾಯಿಗೆ ನಾವು ಹಾಕಿದ ಸೂತಕ ವರ್ಷಗಟ್ಟಲೆ ಕಳೆದರೂ ಕಳೆಯಲಿಲ್ಲ.

ಭಯ ಅಜ್ಞಾನದಿಂದ ಹುಟ್ಟುತ್ತದೆ. ಆದ್ದರಿಂದ ಮೊದಲು ರೋಗವೇನೆಂಬುದನ್ನು ತಿಳಿಯೋಣ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ವೈದ್ಯೆ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ನಡೆದ ಪರೀಕ್ಷೆಗಳಲ್ಲಿ ಅದು ಹೊರಬಿತ್ತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಮೊದಲಾಯಿತು. ಆಗ ರೋಗವನ್ನು ತಡೆಯುವ ಔಷಧಿ ಬಡವರ ಕೈಗೆ ಎಟುಕುವಂತಿರಲಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಆರಂಭಿಸಿದರು. ರೋಗ ಹೆಚ್ಚಾಗಿದ್ದ ಆರು ರಾಜ್ಯಗಳನ್ನು ಮೊದಲು ಆರಿಸಿಕೊಂಡರು, ಅವುಗಳಲ್ಲಿ ನಮ್ಮ ಕರ್ನಾಟಕವೂ ಒಂದು. 2017ರಿಂದ, ಸೋಂಕು ಇದೆಯೆಂದು ತಿಳಿದ ಎಲ್ಲರಿಗೂ ತಡಮಾಡದೆ ಚಿಕಿತ್ಸೆ ಕೊಡಬೇಕೆಂಬ ನಿಯಮ ಬಂದಿತು. 2023ರ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿಯೊಡನೆ ಬದುಕುತ್ತಿರುವವರು 25 ಲಕ್ಷಕ್ಕೂ ಹೆಚ್ಚು. ನಮ್ಮ ರಾಜ್ಯದಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು.

ಈ ವೈರಸ್ಸು ಹರಡುವುದು ರಕ್ಷಣೆಯಿಲ್ಲದ ದೇಹಸಂಪರ್ಕದಿಂದ, ಸೋಂಕಿನ ರಕ್ತದಿಂದ, ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದರಿಂದ, ಚಿಕಿತ್ಸೆ ಪಡೆಯದ ತಾಯಿಯಿಂದ ಮಗುವಿಗೆ. ತಟ್ಟೆಯಿಂದ ಹರಡುವುದಿಲ್ಲ. ಲೋಟದಿಂದ ಹರಡುವುದಿಲ್ಲ. ಪಕ್ಕದಲ್ಲಿ ಕುಳಿತರೆ, ಕೈ ಮುಟ್ಟಿದರೆ, ಒಂದೇ ಬಚ್ಚಲು ಬಳಸಿದರೆ, ಸೊಳ್ಳೆ ಕಚ್ಚಿದರೆ ಹರಡುವುದಿಲ್ಲ. ತಪ್ಪದೆ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೆಯೇ ನಿಂತರೆ, ಅಂಥವರಿಂದ ದೇಹಸಂಪರ್ಕದಲ್ಲಿಯೂ ಸಂಗಾತಿಗೆ ಸೋಂಕು ತಗಲುವುದಿಲ್ಲವೆಂದು ವಿಜ್ಞಾನಿಗಳು ಸಾವಿರಾರು ದಂಪತಿಗಳನ್ನು ನೋಡಿ ನಿಶ್ಚಯಿಸಿದ್ದಾರೆ. ಚಿಕಿತ್ಸೆಯಿಲ್ಲದ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆ ಇದ್ದರೆ ಅದು ನೂರಕ್ಕೆ 5ಕ್ಕಿಂತ ಕೆಳಗೆ ಇಳಿಯುತ್ತದೆ. ಮಾತ್ರೆ ರೋಗವನ್ನು ಬುಡಸಮೇತ ಕೀಳುವುದಿಲ್ಲ, ನಿಜ. ಸಕ್ಕರೆ ಕಾಯಿಲೆಯವರಂತೆ, ರಕ್ತದೊತ್ತಡದವರಂತೆ ದಿನವೂ ಮಾತ್ರೆ ತಿಂದು ಮುಪ್ಪಿನವರೆಗೆ ಬದುಕಬಹುದು. ಇಷ್ಟು ಮಾಡಿದ್ದು ವೈದ್ಯಶಾಸ್ತ್ರ. ಇನ್ನು ಉಳಿದದ್ದು ನಮ್ಮ ಪಾಲಿನದು.

ಏಕೆಂದರೆ, ಮೈ ಉಳಿದರೂ ಮನಸ್ಸು ಮುರಿಯುತ್ತಿದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಪ್ರಕರಣವಿದೆ. ಬದುಕನ್ನು ಪೋಷಿಸುವುದರಲ್ಲಿ ಅನ್ನ ಮೊದಲು, ದಣಿದವರಿಗೆ ಸಮಾಧಾನ ಕೊಡುವುದರಲ್ಲಿ ನೀರು ಮೊದಲು, ಹೀಗೆ ಆಚಾರ್ಯರು ಒಂದೊಂದರಲ್ಲಿ ಮೊದಲನೆಯದನ್ನು ಎಣಿಸುತ್ತ ಹೋಗುತ್ತಾರೆ. ರೋಗವನ್ನು ಹೆಚ್ಚಿಸುವವುಗಳಲ್ಲಿ ಯಾವುದು ಮೊದಲನೆಯದು? ಅಪಥ್ಯವನ್ನು ಹೇಳಿಯಾರು ಎಂದುಕೊಂಡು ನಾವು ಓದಿದೆವು. ಅವರು ಹೇಳುವುದು ವಿಷಾದವನ್ನು. ಮನಸ್ಸಿನ ಕುಸಿತ, ಇನ್ನೇನೂ ಉಳಿಯಲಿಲ್ಲವೆಂಬ ನಿರಾಶೆ, ಅದೇ ಎಲ್ಲಕ್ಕಿಂತ ಮೊದಲು ರೋಗವನ್ನು ಬೆಳೆಸುವುದು. ವಿದ್ಯಾರ್ಥಿಯಾಗಿದ್ದಾಗ ಈ ಮಾತನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆವು. ಅದರ ಅರ್ಥ ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇದನ್ನು ಬಹಳ ಹಿಂದೆಯೇ ಕಂಡರು. ಡಾ. ಪ್ರಭಾ ಚಂದ್ರ ಮತ್ತು ಅವರ ಸಹೋದ್ಯೋಗಿಗಳು ಸೋಂಕು ಇದೆಯೆಂದು ಆಗತಾನೆ ತಿಳಿದ 51 ಮಂದಿಯನ್ನು ಮಾತನಾಡಿಸಿ, 1998ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 40 ಮಂದಿಗೆ ಖಿನ್ನತೆ, ನೂರಕ್ಕೆ 36 ಮಂದಿಗೆ ತೀವ್ರವಾದ ಆತಂಕ. ಯಾರಲ್ಲಿ ಇದು ಹೆಚ್ಚು? ಮೈನೋವು ಇರುವವರಲ್ಲಿ, ಕುಡಿತಕ್ಕೆ ಬಿದ್ದವರಲ್ಲಿ, ಬಾಳಸಂಗಾತಿಗೂ ಕಾಯಿಲೆ ಬಲಿತಿರುವವರಲ್ಲಿ, ಮನೆಯವರ ಸಂಬಂಧ ಕೆಟ್ಟಿರುವವರಲ್ಲಿ. ಕೊನೆಯದನ್ನು ಗಮನಿಸಿ. ನೋವಿಗೆ ವೈದ್ಯರು ಔಷಧಿ ಕೊಟ್ಟಾರು. ಮನೆಯವರ ಮುಖ ತಿರುಗಿದ್ದಕ್ಕೆ ಅವರು ಏನು ಮಾಡಿಯಾರು?

ಮನಸ್ಸು ಹೇಗೆ ಮುರಿಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲನೆಯದು ಗುಟ್ಟು. ಈ ಕಡೆ ಇರುವವರು ಹತ್ತಿರದ ಆಸ್ಪತ್ರೆ ಬಿಟ್ಟು ಎರಡು ಬಸ್ಸು ಬದಲಿಸಿ ದೂರದ ಆಸ್ಪತ್ರೆಗೆ ಹೋಗುತ್ತಾರೆ, ಪರಿಚಯದವರು ನೋಡಿಯಾರೆಂಬ ಭಯ. ಮಾತ್ರೆಯ ಡಬ್ಬಿಯ ಮೇಲಿನ ಚೀಟಿ ಕಿತ್ತು ಅಕ್ಕಿಯ ಡಬ್ಬದಲ್ಲಿ ಬಚ್ಚಿಡುತ್ತಾರೆ. ಮನೆಗೆ ನೆಂಟರು ಬಂದರೆ ಆ ಹೊತ್ತಿನ ಮಾತ್ರೆ ತಪ್ಪುತ್ತದೆ. ದಿನಕ್ಕೆ ಒಂದು ಸುಳ್ಳು ಹೇಳುತ್ತ ವರ್ಷಗಟ್ಟಲೆ ಬದುಕುವವರ ಮನಸ್ಸು ಸವೆಯದೆ ಇರುತ್ತದೆಯೇ? ಎರಡನೆಯದು ತನ್ನನ್ನು ತಾನೇ ಹಳಿದುಕೊಳ್ಳುವುದು. ಮೂರನೆಯದು ಶೋಕ, ಗಂಡನನ್ನೋ ಹೆಂಡತಿಯನ್ನೋ ಕೂಸನ್ನೋ ಕಳೆದುಕೊಂಡು, ಯಾವ ಕಾಯಿಲೆಯಿಂದ ಹೋದರೆಂದು ಬಾಯಿ ಬಿಟ್ಟು ಅಳಲಾರದ ಶೋಕ. ಇವಲ್ಲದೆ, ಚಿಕಿತ್ಸೆ ಪಡೆಯದೆ ಬಿಟ್ಟರೆ ವೈರಸ್ಸೇ ಮೆದುಳನ್ನು ಮುಟ್ಟಿ ಮರೆವು, ಮಂಕುತನಗಳನ್ನು ತರುತ್ತದೆ. ಹಿಂದೆ ಹೆಚ್ಚಾಗಿ ಕೊಡುತ್ತಿದ್ದ ಇಫಾವಿರೆಂಜ್ ಎಂಬ ಮಾತ್ರೆಯಿಂದ ಕೆಲವರಿಗೆ ಕೆಟ್ಟ ಕನಸು, ತಲೆಸುತ್ತು, ಬೇಸರ ಬರುತ್ತಿತ್ತು. ಈಗ ಹೆಚ್ಚಿನವರಿಗೆ ಬೇರೆ ಮಾತ್ರೆ ಕೊಡುತ್ತಾರೆ. ಮಾತ್ರೆಯಿಂದ ತೊಂದರೆ ಅನ್ನಿಸಿದರೆ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಬೇಕು. ತಾವಾಗಿ ನಿಲ್ಲಿಸಬಾರದು.

ಮನಸ್ಸು ಕುಸಿದವರಿಗೆ ಮೊದಲು ಬೇಡವಾಗುವುದು ಅನ್ನ, ಆಮೇಲೆ ನಿದ್ದೆ, ಆಮೇಲೆ ಮಾತ್ರೆ. 'ತಿಂದು ಏನಾಗಬೇಕು' ಎಂಬ ಮಾತು ಬರುತ್ತದೆ. ಮಾತ್ರೆ ತಪ್ಪಿದರೆ ಅಡಗಿದ್ದ ವೈರಸ್ಸು ಮತ್ತೆ ಏಳುತ್ತದೆ. ಮೈ ಕುಗ್ಗುತ್ತದೆ. ಮೈ ಕುಗ್ಗಿದಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ವಿಷಾದ ರೋಗವನ್ನು ಬೆಳೆಸುತ್ತದೆಂಬ ಆಚಾರ್ಯರ ಮಾತು ಇಲ್ಲಿ ಅಕ್ಷರಶಃ ನಡೆಯುತ್ತದೆ.

ಇನ್ನೊಬ್ಬರ ತಪ್ಪು ಹೇಳುವುದು ಸುಲಭ. ನಮ್ಮ ತಪ್ಪನ್ನೂ ಈ ಸಭೆಯಲ್ಲಿ ಹೇಳಲೇಬೇಕು.

2006ನೆಯ ಇಸವಿ. ಪಟ್ಟಕ್ಕೆ ಬಂದು ಹೆಚ್ಚು ವರ್ಷವಾಗಿರಲಿಲ್ಲ. ಒಬ್ಬ ಯುವಕ, ಕಾರ್ಖಾನೆಯಲ್ಲಿ ದುಡಿಯುವವನು, ಸೋಮವಾರಗಳಂದು ಮಠಕ್ಕೆ ಬರುತ್ತಿದ್ದ. ಒಂದು ದಿನ ಎಲ್ಲರೂ ಹೋದ ಮೇಲೂ ಕುಳಿತೇ ಇದ್ದ. 'ಏನಪ್ಪ?' ಎಂದೆವು. 'ಬುದ್ಧೀ, ಮೂರು ತಿಂಗಳಿಂದ ನಿದ್ದೆ ಇಲ್ಲ. ಯಾವುದರಲ್ಲೂ ಮನಸ್ಸು ನಿಲ್ಲಲ್ಲ' ಎಂದ. ಆ ದಿನ ಒಂದು ಗೃಹಪ್ರವೇಶಕ್ಕೆ ಹೊರಡಬೇಕಾಗಿತ್ತು, ಕಾರು ಬಾಗಿಲಲ್ಲಿ ನಿಂತಿತ್ತು. 'ಪಂಚಾಕ್ಷರಿ ಜಪ ಮಾಡು, ನೂರೆಂಟು ಸಲ. ಎಲ್ಲ ಸರಿಹೋಗುತ್ತದೆ' ಎಂದು ಹೇಳಿ ಎದ್ದೆವು. ಆತ ಏನನ್ನೋ ಹೇಳಲು ಬಾಯಿ ತೆರೆದ. ನಾವು ಅದನ್ನು ಕಂಡೆವು, ಕಂಡೂ ಎದ್ದೆವು. ಆತ ನಮಸ್ಕರಿಸಿ ಹೋದ. ಆಮೇಲೆ ಬರಲಿಲ್ಲ.

ಏಳೆಂಟು ತಿಂಗಳ ಮೇಲೆ ಆತನ ತಾಯಿ ಬಂದಳು. ಮಗ ಹೋಗಿಬಿಟ್ಟಿದ್ದ. ಆತನಿಗೆ ಎಚ್‌ಐವಿ ಇತ್ತು. ಮಾತ್ರೆಯೂ ಸಿಗುತ್ತಿತ್ತು, ಉಚಿತವಾಗಿಯೇ ಸಿಗುತ್ತಿತ್ತು. ಆತ ತಿನ್ನುವುದನ್ನು ಬಿಟ್ಟಿದ್ದ. ಸತ್ತ ಮೇಲೆ ಹಾಸಿಗೆಯ ಕೆಳಗೆ ಒಡೆಯದ ಡಬ್ಬಿಗಳು ಸಿಕ್ಕವಂತೆ. 'ಬುದ್ಧಿಯವರ ಹತ್ತಿರ ಹೇಳ್ಕೊಂಡು ಬರ್ತೀನಿ ಅಂತ ಹೋಗಿದ್ದ. ಹೇಳಿದ್ನಾ ಬುದ್ಧೀ?' ಎಂದು ಆಕೆ ಕೇಳಿದಳು. ಹೇಳಲು ಬಂದಿದ್ದ ತಾಯಿ, ನಾವೇ ಕೇಳಲಿಲ್ಲ ಎಂದೆವು. ಆಕೆ ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಪಾದ ಮುಟ್ಟಿ ಎದ್ದು ಹೋದಳು.

ಜಪ ತಪ್ಪೆಂದು ನಾವು ಹೇಳುತ್ತಿಲ್ಲ. ಜಪ ಮನಸ್ಸಿಗೆ ಬಲ ಕೊಡುತ್ತದೆ, ಲಿಂಗಪೂಜೆ ದಿನಕ್ಕೊಂದು ನೆಲೆ ಕೊಡುತ್ತದೆ. ಆದರೆ ಮುರಿದ ಕಾಲಿಗೆ ಜಪ ಹೇಳುತ್ತೇವೆಯೇ? ಮೊದಲು ಕಟ್ಟು ಹಾಕಿಸುತ್ತೇವೆ. ಖಿನ್ನತೆಯೂ ಒಂದು ಕಾಯಿಲೆ. ಅದು ಭಕ್ತಿಯ ಕೊರತೆಯಲ್ಲ, ಮನೋದೌರ್ಬಲ್ಯವಲ್ಲ. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಮಾತ್ರೆಯ ಚಿಕಿತ್ಸೆ ಇದೆ. 'ಹುಚ್ಚಾಸ್ಪತ್ರೆ' ಎಂದು ಹಿಂದೆ ಜನ ಹೆದರುತ್ತಿದ್ದ ಜಾಗವೇ 1974ರಲ್ಲಿ ನಿಮ್ಹಾನ್ಸ್ ಆಗಿ ಬೆಳೆದು, ಇಂದು ದೇಶಕ್ಕೇ ದಾರಿ ತೋರುತ್ತಿದೆ. ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಮಂಕಾಗಿದ್ದು, ನಿದ್ದೆ ಹಸಿವುಗಳು ಕೆಟ್ಟು, ಹಿಂದೆ ಇಷ್ಟವಾಗಿದ್ದದ್ದು ಯಾವುದೂ ಬೇಡವಾಗಿ, ಬದುಕೇ ಭಾರವೆನಿಸಿದರೆ ವೈದ್ಯರ ಬಳಿ ಹೋಗಬೇಕು. ಎಆರ್‌ಟಿ ಕೇಂದ್ರದಲ್ಲಿ ಆಪ್ತಸಮಾಲೋಚಕರು ಇರುತ್ತಾರೆ. ಬರೀ ಮಾತ್ರೆ ಎಣಿಸಿಕೊಂಡು ಬಾರದೆ, ಅವರಲ್ಲಿ ಮನಸ್ಸಿನ ಮಾತನ್ನೂ ಹೇಳಿಕೊಳ್ಳಬೇಕು.

ಹಾಗಾದರೆ ನಮ್ಮ ನಿಮ್ಮಂಥವರ ಕೆಲಸವೇನು? ಕೇಳುವುದು. ಶೂನ್ಯಸಂಪಾದನೆಯಲ್ಲಿ ಮುಕ್ತಾಯಕ್ಕನ ಪ್ರಸಂಗವನ್ನು ನೀವು ಕೇಳಿದ್ದೀರಿ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ಆಕೆ ಶೋಕಿಸುತ್ತಿದ್ದಾಳೆ. ಅಲ್ಲಮಪ್ರಭುಗಳು ಆ ದಾರಿಯಲ್ಲಿ ಬರುತ್ತಾರೆ. ಅವರಿಗಿಂತ ದೊಡ್ಡ ಜ್ಞಾನಿ ಯಾರು? ದೇಹ ನಶ್ವರ, ಅಳಬೇಡ ಎಂದು ಹೇಳಿ ಮುಂದೆ ಹೋಗಬಹುದಾಗಿತ್ತು. ಹೋಗಲಿಲ್ಲ, ನಿಂತರು. ಯಾರವ್ವ ನೀನು, ಯಾಕೆ ಅಳುತ್ತೀಯೆ ಎಂದು ಕೇಳಿದರು. ಆಕೆ ಹೇಳಿದಳು, ಅವರು ಕೇಳಿದರು. ಅವರು ಹೇಳಿದ್ದಕ್ಕೆ ಆಕೆ ಎದುರು ಮಾತಾಡಿದಳು. ಜ್ಞಾನಿಯಾದವನಿಗೆ ಇಷ್ಟು ಮಾತೇಕೆ ಎಂದು ಪ್ರಭುವನ್ನೇ ಕೆಣಕಿದಳು. ಪ್ರಭು ಕೋಪಿಸಿಕೊಳ್ಳಲಿಲ್ಲ, ಎದ್ದೂ ಹೋಗಲಿಲ್ಲ. ಆ ಸಂವಾದ ಪುಟಗಟ್ಟಲೆ ನಡೆಯುತ್ತದೆ. ಅದು ಮುಗಿಯುವ ಹೊತ್ತಿಗೆ ಶೋಕ ಅರಿವಾಗಿ ಮಾರ್ಪಟ್ಟಿರುತ್ತದೆ. ನಮ್ಮ ಬಾಗಿಲಲ್ಲಿ ಕಾರು ನಿಂತಿತ್ತು. ಪ್ರಭುವಿಗೆ ಯಾವ ಅವಸರವೂ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಭಕ್ತರು ನಮ್ಮನ್ನು ಕೇಳಿದ್ದಾರೆ. 'ಇದೆಲ್ಲ ಅವರವರ ನಡತೆಯ ಫಲವಲ್ಲವೇ ಬುದ್ಧಿ? ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ?' ಸದಾಚಾರ ಬೇಕು, ಅದನ್ನು ನಾವು ಪ್ರತಿದಿನ ಹೇಳುತ್ತೇವೆ. ಆದರೆ ಮನೆಬಿಟ್ಟು ಹೋಗದ ಆ ತಾಯಿ ಮಾಡಿದ್ದೇನು? ಹೆರಿಗೆಯ ಹೊತ್ತಿಗೆ ಸೋಂಕು ತಗಲಿದ ಕೂಸು ಮಾಡಿದ್ದೇನು? ಇರಲಿ, ತಪ್ಪು ಮಾಡಿಯೇ ಕಾಯಿಲೆ ತಂದುಕೊಂಡವರು ಇದ್ದಾರೆಂದು ಇಟ್ಟುಕೊಳ್ಳಿ. ಕುಡಿದು ಗಾಡಿ ಓಡಿಸಿ ಬಿದ್ದವನನ್ನು ನೀವು ರಸ್ತೆಯಲ್ಲೇ ಬಿಟ್ಟು ಬರುತ್ತೀರಾ? ಬಸವಣ್ಣನವರ ಮಹಾಮನೆಗೆ ಬಂದವರ ಪೂರ್ವವನ್ನು ಯಾರೂ ಕೇಳಲಿಲ್ಲ. ಕಳ್ಳತನ ಬಿಟ್ಟು ಬಂದವರಿಗೂ, ಬೀದಿಯ ಬದುಕು ಬಿಟ್ಟು ಬಂದವರಿಗೂ ಅಲ್ಲಿ ಜಾಗವಿತ್ತು. ಅವರು ಶರಣರಾದರು. ತೀರ್ಪು ಕೊಡುವ ಕೆಲಸವನ್ನು ಶಿವನಿಗೆ ಬಿಟ್ಟು, ಅನ್ನ ಬಡಿಸುವ ಕೆಲಸವನ್ನು ನಾವು ಮಾಡೋಣ.

ಕೂಸುಗಳ ಮಾತು ಬಂತು. ಹುಟ್ಟಿನಿಂದ ಸೋಂಕು ಇರುವ ಮಕ್ಕಳು ಔಷಧಿಯಿಂದ ಉಳಿದು, ಈಗ ಬೆಳೆದು ಯುವಕ ಯುವತಿಯರಾಗಿದ್ದಾರೆ. 'ಇದು ಶಕ್ತಿ ಬರುವ ಮಾತ್ರೆ' ಎಂದು ಹೇಳಿ ತಿನ್ನಿಸುತ್ತಾರೆ. ಹನ್ನೆರಡು ಹದಿಮೂರು ವರ್ಷಕ್ಕೆ, ಮೊಬೈಲಿನಲ್ಲಿ ಮಾತ್ರೆಯ ಹೆಸರು ಹಾಕಿ ನೋಡಿ, ಮಗುವೇ ತಿಳಿದುಕೊಳ್ಳುತ್ತದೆ. ತನ್ನವರೇ ಸುಳ್ಳು ಹೇಳಿದರೆಂಬ ಕೋಪ, ತಂದೆ ತಾಯಿ ಹೋದದ್ದು ಇದರಿಂದಲೇ ಎಂಬ ಆಘಾತ, ಓದು ಕೆಲಸ ಮದುವೆಗಳ ಚಿಂತೆ, ಎಲ್ಲವೂ ಒಟ್ಟಿಗೆ ಬಂದು ಮಾತ್ರೆ ಎಸೆದುಬಿಡುತ್ತದೆ. ಅಂಥ ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರು ನಮ್ಮ ನಡುವೆ ಇರಬಹುದು. ಅಜ್ಜಿಯರೇ, ವಯಸ್ಸಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವಾಗಿ ನಿಜವನ್ನು ಹೇಳಬೇಕೆಂದು ವೈದ್ಯರು ಹೇಳುತ್ತಾರೆ. ಹೇಗೆ ಹೇಳುವುದೆಂದು ಸಮಾಲೋಚಕರು ಜೊತೆ ಕುಳಿತು ತಿಳಿಸಿಕೊಡುತ್ತಾರೆ. ಬೀದಿಯವರ ಬಾಯಿಂದ ಕೇಳುವ ಮೊದಲು ನಿಮ್ಮ ಮಡಿಲಲ್ಲಿ ಕುಳಿತು ಕೇಳಲಿ.

ಇನ್ನೊಂದು ಕಠಿಣವಾದ ಮಾತು. ಸಾಯುವ ಯೋಚನೆ ಬಂದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ, ಅವರಿಗೆಂದೇ ಹೇಳುತ್ತೇವೆ. ನಾಚಬೇಡಿ. ಆ ಯೋಚನೆ ಹನುಮಂತನಿಗೂ ಬಂದಿತ್ತು. ವಾಲ್ಮೀಕಿಗಳ ಸುಂದರಕಾಂಡವನ್ನು ನೋಡಿ. ಲಂಕೆಯನ್ನೆಲ್ಲ ಹುಡುಕಿದರೂ ಸೀತೆ ಸಿಗಲಿಲ್ಲ. ಬರಿಗೈಯಲ್ಲಿ ಹೋದರೆ ರಾಮ ಉಳಿಯುವುದಿಲ್ಲ, ಅವನ ಹಿಂದೆ ಲಕ್ಷ್ಮಣ, ಭರತ, ಹೀಗೆ ಒಬ್ಬೊಬ್ಬರನ್ನೇ ಎಣಿಸುತ್ತ, ತಾನು ಬದುಕಿ ಫಲವಿಲ್ಲವೆಂಬ ನಿರ್ಧಾರದ ಅಂಚಿಗೆ ಸಾಗರ ಹಾರಿದ ಆ ಮಹಾಬಲನು ಬಂದು ನಿಂತ. ಬಳಿಕ ತಾನೇ ವಿವೇಚಿಸಿದ. ಸಾಯುವುದರಲ್ಲಿ ದೋಷಗಳೇ ಹೆಚ್ಚು, ಬದುಕಿದ್ದರೆ ಒಳಿತನ್ನು ಕಂಡೇನು ಎಂದುಕೊಂಡ. ಆಗ ಕಣ್ಣಿಗೆ ಬಿದ್ದದ್ದು ತಾನಿನ್ನೂ ಹುಡುಕದೆ ಬಿಟ್ಟಿದ್ದ ಒಂದು ತೋಟ. ಅದೇ ಅಶೋಕವನ. ಮನಸ್ಸು ಕತ್ತಲಾದಾಗ ಎಲ್ಲವನ್ನೂ ಹುಡುಕಿಯಾಯಿತು ಎನ್ನಿಸುತ್ತದೆ. ನೋಡದೆ ಉಳಿದ ತೋಟ ಒಂದು ಇದ್ದೇ ಇರುತ್ತದೆ. ಅಂಥ ಹೊತ್ತಿನಲ್ಲಿ ಒಬ್ಬರೇ ಇರಬೇಡಿ. 14416 ಎಂಬ ಸಂಖ್ಯೆಗೆ ಫೋನು ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೇಳುವುದಿಲ್ಲ. ಎಚ್‌ಐವಿ ಕುರಿತ ಸಂದೇಹಗಳಿಗೆ 1097 ಇದೆ. ಬರೆದಿಟ್ಟುಕೊಳ್ಳಿ, ನಿಮಗೆ ಬೇಡವಾದರೂ ಇನ್ನೊಬ್ಬರಿಗೆ ಬೇಕಾದೀತು. ಸಾಯಲು ಹೋಗಿ ಉಳಿದವರನ್ನು ಅಪರಾಧಿಗಳಂತೆ ಕಾಣಬಾರದು, ಅವರು ತೀವ್ರವಾದ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕಾನೂನಿಗೆ ಇರುವ ಕರುಣೆ ನಮಗೆ ಇರಬೇಡವೇ?

ಕಾನೂನಿನ ಮಾತು ಬಂದಿತು. ಮನೆ ಬಾಡಿಗೆಗೆ ಕೊಟ್ಟಿರುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಆಗಿ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಮನೆ ಬಿಡಿಸುವುದು, ಬಾಡಿಗೆಗೆ ಇಲ್ಲವೆನ್ನುವುದು, ಕೆಲಸದಿಂದ ತೆಗೆಯುವುದು, ಮಗುವನ್ನು ಶಾಲೆಗೆ ಸೇರಿಸದಿರುವುದು ಕಾನೂನಿಗೆ ವಿರುದ್ಧ. ಚಿಕಿತ್ಸೆ ಕೊಡುವವರೂ ಕೆಲಸ ಕೊಡುವವರೂ ಅವರ ಒಪ್ಪಿಗೆಯಿಲ್ಲದೆ ಆ ಸಂಗತಿಯನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ನಾವು ಇದನ್ನು ಕಾನೂನಿನ ಭಯಕ್ಕಾಗಿ ಹೇಳುತ್ತಿಲ್ಲ. ಕಾಯಕವೇ ಕೈಲಾಸವೆಂದು ನಂಬಿದ ನಾವು ಒಬ್ಬರ ಕಾಯಕವನ್ನು ಕಿತ್ತುಕೊಂಡರೆ ಅವರ ಕೈಲಾಸವನ್ನೇ ಕಿತ್ತುಕೊಂಡಂತೆ. ದುಡಿಮೆಯಿರುವವರ ಮನಸ್ಸು ಬೇಗ ಕುಸಿಯುವುದಿಲ್ಲ.

ಶ್ರಾವಣದ ಕೊನೆಯಲ್ಲಿ ಏನಾದರೊಂದು ವ್ರತ ಹೇಳಿ ಎಂದು ತಾಯಂದಿರು ಕೇಳುವುದುಂಟು. ಈ ಸಲ ಮೂರು ಹೇಳುತ್ತೇವೆ. ಮೊದಲನೆಯದು ತಟ್ಟೆಯ ವ್ರತ. ಮನೆಯಲ್ಲಿ ರೋಗದ ಹೆಸರಿನಲ್ಲಿ ಯಾರ ತಟ್ಟೆ ಲೋಟವಾದರೂ ಬೇರೆ ಇದ್ದರೆ, ಇಂದು ರಾತ್ರಿಯೇ ಅದನ್ನು ಎಲ್ಲರ ಪಾತ್ರೆಗಳ ಜೊತೆ ಬೆರೆಸಿ ಇಡಿ. ಎರಡನೆಯದು ಕಿವಿಯ ವ್ರತ. ಒಬ್ಬರು ನೋವು ಹೇಳಿಕೊಳ್ಳುವಾಗ ಅವರ ಮಾತು ಮುಗಿಯುವವರೆಗೆ ಉಪದೇಶ ಮಾಡಬೇಡಿ. ಮೂರನೆಯದು ಬಾಯಿಯ ವ್ರತ. ಕೇಳಿದ್ದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಅಂಗೈಯಲ್ಲಿ ಲಿಂಗವನ್ನು ಹಿಡಿಯುವಂತೆ ಆ ಗುಟ್ಟನ್ನು ಹಿಡಿಯಿರಿ. ಶ್ರೀಮಠದ ಕಡೆಯಿಂದಲೂ ಒಂದು ಮಾತು ಕೊಡುತ್ತೇವೆ. ಪ್ರತಿ ಸೋಮವಾರ ಪೂಜೆಯಾದ ಮೇಲೆ ಒಂದು ಗಂಟೆಯ ಕಾಲ ನಾವು ಯಾವ ಕಾರ್ಯಕ್ರಮವನ್ನೂ ಒಪ್ಪಿಕೊಳ್ಳುವುದಿಲ್ಲ. ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದು. ಹೆಸರು ಹೇಳಬೇಕಾಗಿಲ್ಲ. ಆ ಹೊತ್ತಿನಲ್ಲಿ ಬಾಗಿಲಿಗೆ ಕಾರು ಬರುವುದಿಲ್ಲ.

ಆ ತಾಯಿಯ ವಿಚಾರ ಕೇಳಬೇಕೆನ್ನಿಸಿರಬಹುದು. ಆಕೆ ಸಮಾಲೋಚಕರನ್ನು ಕಂಡಳು. ಅವರು ಮನೋವೈದ್ಯರ ಬಳಿ ಕಳುಹಿಸಿದರು. ಈಗ ರಾತ್ರಿ ನಿದ್ದೆ ಬರುತ್ತದೆಯಂತೆ. ಮಾರನೆಯ ವರ್ಷದ ಜಾತ್ರೆಗೂ ಬಂದಳು. ಪಂಕ್ತಿಯ ನಡುವೆ ಕುಳಿತಳು. ಮಠದ ತಟ್ಟೆಯಲ್ಲೇ ಉಂಡಳು. ಎದ್ದು ಹೋಗುವಾಗ ನಮ್ಮ ದೃಷ್ಟಿ ಆಕೆಯ ಕೈಚೀಲದ ಮೇಲೆ ಬಿತ್ತು. ಮನೆಯಿಂದ ತಂದ ಲೋಟ ಅದರೊಳಗೆ ಇತ್ತು. ತೆಗೆದಿರಲಿಲ್ಲ, ಆದರೆ ತಂದಿದ್ದಳು. ಒಂದು ವೇಳೆ ಯಾರಾದರೂ ಮುಖ ಸಿಂಡರಿಸಿದರೆ ಇರಲಿ ಎಂದು.

ಆ ಲೋಟವನ್ನು ಆಕೆ ಮನೆಯಲ್ಲೇ ಬಿಟ್ಟು ಬರುವ ದಿನ ಆರನೆಯ ಸೂತಕ ಕಳೆಯುತ್ತದೆ. ಅದನ್ನು ಕಳೆಯುವುದು ಆಕೆಯ ಕೈಯಲ್ಲಿಲ್ಲ. ನಮ್ಮ ನಿಮ್ಮ ಕೈಯಲ್ಲಿದೆ.

ಎಲ್ಲರಿಗೂ ಆರೋಗ್ಯ, ಮನಶ್ಶಾಂತಿಗಳು ಲಭಿಸಲಿ. ಗುರುಕೃಪೆ ನಿಮ್ಮೆಲ್ಲರ ಮೇಲೂ ಇರಲಿ. ಶಿವಾರ್ಪಣಮಸ್ತು.